73ರ ತಂದೆಯವರು ದಿನವಿಡೀ ಕುರ್ಚಿ ಬಿಟ್ಟು ಏಳುತ್ತಿಲ್ಲ: ಇದು ವಯಸ್ಸೇ, ಅಥವಾ ನಮ್ಮ ತಪ್ಪೇ?

ಘಟಪ್ರಭಾ ದಂಡೆ (ನವನಗರ, ಬಾಗಲಕೋಟೆ) ಕೇಳಿದ್ದು:

ಎಲ್ಲರಿಗೂ ಶರಣು.

ನಮ್ಮ ತಂದೆಯವರಿಗೆ ಈಗ 73 ವರ್ಷ. ಘಟಪ್ರಭೆಯ ದಂಡೆಗಿದ್ದ ಎರೆಹೊಲ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಮೇಲೂ, ಉಳಿದ ನಾಲ್ಕು ಎಕರೆ ಮಸಾರಿ ಭೂಮಿಯಲ್ಲಿ ಅವರು ತಾವೇ ನಿಂತು ಸಜ್ಜೆ, ತೊಗರಿ ಬೆಳೆಯುತ್ತಿದ್ದರು. ಮನೆಯಿಂದ ಹೊಲ ಎರಡು ಕಿಲೋಮೀಟರ್ ದೂರ. ದಿನಕ್ಕೆ ಎರಡು ಸಲ ನಡೆದೇ ಹೋಗಿ ಬರುತ್ತಿದ್ದರು. ಎರಡು ವರ್ಷಗಳ ಹಿಂದೆ ತಾಯಿಯವರು ತೀರಿಕೊಂಡಾಗ, ಹಳ್ಳಿಯಲ್ಲಿ ಒಬ್ಬರೇ ಇರುವುದು ಬೇಡವೆಂದು ಹೊಲವನ್ನು ಲಾವಣಿಗೆ ಹಾಕಿ ಅವರನ್ನು ನವನಗರದ ನಮ್ಮ ಮನೆಗೆ ಕರೆತಂದೆವು. ಜೀವಮಾನವೆಲ್ಲ ದುಡಿದ ಜೀವ, ಇನ್ನಾದರೂ ಒಂದು ಕಡೆ ಕುಳಿತು ಉಣ್ಣಲಿ ಎಂಬುದು ನನ್ನ, ನನ್ನ ಹೆಂಡತಿಯ ಹಾಗೂ ತಂಗಿಯ ಆಸೆಯಾಗಿತ್ತು.

ಆ ಆಸೆಯಂತೆಯೇ ಎಲ್ಲವೂ ನಡೆದಿದೆ. ಬೆಳಿಗ್ಗೆ ಆರಕ್ಕೆ ಎದ್ದು ಪಡಸಾಲೆಯ ಕುರ್ಚಿಯಲ್ಲಿ ಕುಳಿತರೆಂದರೆ ಚಹಾ, ಪತ್ರಿಕೆ, ನಾಷ್ಟಾ, ಗುಳಿಗೆ, ನೀರು ಎಲ್ಲವೂ ಅಲ್ಲಿಗೇ ಬರುತ್ತವೆ. ಟಿ.ವಿ.ಯ ರಿಮೋಟ್ ಕೈಗೆ ಎಟಕುವಂತೆ ಇರುತ್ತದೆ. ಕಳೆದ ರವಿವಾರ ನಾನು ಅವರಿಗೆ ತಿಳಿಯದಂತೆ ಲೆಕ್ಕ ಇಟ್ಟೆ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅವರು ಕುರ್ಚಿಯಿಂದ ಎದ್ದದ್ದು ಒಂಬತ್ತು ಸಲ, ಅದರಲ್ಲಿ ಆರು ಸಲ ಬಚ್ಚಲಿಗೆ.

ಇದನ್ನು ಲೆಕ್ಕ ಹಾಕುವಂತೆ ಮಾಡಿದ್ದು ಈ ಸಲದ ಬನಶಂಕರಿ ಜಾತ್ರೆ. ದರ್ಶನವಾದ ಮೇಲೆ ಹೊಂಡದ ಬಳಿಯ ಕಲ್ಲುಮಂಟಪದ ನೆರಳಿನಲ್ಲಿ ಜಮಖಾನೆ ಹಾಸಿ, ಕಟ್ಟಿಕೊಂಡು ಹೋಗಿದ್ದ ಬುತ್ತಿ ಬಿಚ್ಚಿ ಉಂಡೆವು. ಎಲ್ಲರೂ ಎದ್ದರು, ಅಪ್ಪ ಏಳಲಿಲ್ಲ. ಎರಡೂ ಅಂಗೈಗಳನ್ನು ನೆಲಕ್ಕೆ ಊರಿ ಮುಂದಕ್ಕೆ ಬಾಗಿದರು, ಸೊಂಟ ಒಂದು ಗೇಣು ಮೇಲೆದ್ದು ಮತ್ತೆ ಕೆಳಗೆ ಕುಸಿಯಿತು. ಮೂರನೆಯ ಸಲಕ್ಕೆ ತೊಡೆಗಳು ನಡುಗತೊಡಗಿದವು. ಪಕ್ಕದಲ್ಲಿದ್ದ ಇಬ್ಬರು ಗುರುತಿಲ್ಲದ ಹುಡುಗರು ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರು. “ಕಾಲಾಗ ಬಲಾನ ಇಲ್ಲೋ ತಮ್ಮಾ” ಎಂದು ಅಪ್ಪ ನನ್ನ ಮುಖ ನೋಡದೆ ಹೇಳಿದರು. ಎರಡು ವರ್ಷಗಳ ಹಿಂದೆ ತೊಗರಿಯ ಚೀಲವನ್ನು ತಾವೇ ಹೆಗಲಿಗೇರಿಸಿ ಬಂಡಿಗೆ ಹಾಕುತ್ತಿದ್ದ ಮನುಷ್ಯ ಇವರೇ.

ಸಂಜೆಯ ಹೊತ್ತಿಗೆ ಎರಡೂ ಪಾದ ಬಾತಿರುತ್ತವೆ. ಒಮ್ಮೆಲೇ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ ಎನ್ನುತ್ತಾರೆ. ಬಿ.ಪಿ.ಗೆ ಗುಳಿಗೆ ಇದೆ, ಸಕ್ಕರೆಯೂ ಈಚೆಗೆ ಗಡಿ ದಾಟಿದೆ. ತೋರಿಸಿದ ದವಾಖಾನೆಯಲ್ಲಿ “ವಯಸ್ಸಾಯಿತಲ್ಲ, ದಿನಾ ಸ್ವಲ್ಪ ವಾಕಿಂಗ್ ಮಾಡಿಸಿ” ಎಂದು ಎರಡು ಮಾತಿನಲ್ಲಿ ಹೇಳಿ ಕಳಿಸಿದರು. ವಾಕಿಂಗ್ ಎಂದರೆ ಅಪ್ಪ ಒಪ್ಪುವುದಿಲ್ಲ. ಕೆಲಸವಿಲ್ಲದೆ ಬೀದಿಯಲ್ಲಿ ಸುಮ್ಮನೆ ತಿರುಗುವುದು ಅವರ ದೃಷ್ಟಿಯಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ.

ತಿಳಿದವರು ದಯವಿಟ್ಟು ಹೇಳಬೇಕು. ಇದು ವಯಸ್ಸಿನಿಂದ ಬಂದದ್ದೋ, ಕುಳಿತು ಕುಳಿತು ಬಂದದ್ದೋ? ಕುಳಿತದ್ದರಿಂದ ಹೋದ ಬಲ ಈ ವಯಸ್ಸಿನಲ್ಲಿ ಮರಳಿ ಬರುತ್ತದೆಯೇ? ಅವರ ಮನಸ್ಸಿಗೆ ನೋವಾಗದಂತೆ ಅವರನ್ನು ಎಬ್ಬಿಸುವ ದಾರಿ ಯಾವುದು?

ಗುಮ್ಮಟದ ನೆರಳು (ವಿಜಯಪುರ):

ಸರ್, ನಮಸ್ಕಾರ. ವಿಜಯಪುರದಲ್ಲಿ ಹತ್ತೊಂಬತ್ತು ವರ್ಷಗಳಿಂದ ಫಿಜಿಯೋಥೆರಪಿ ಮಾಡುತ್ತಿದ್ದೇನೆ. ನೀವು ಬರೆದಂಥದ್ದನ್ನೇ, ಸ್ಥಳವಷ್ಟೇ ಬೇರೆಯಾಗಿ, ವಾರಕ್ಕೆ ಎರಡು ಮೂರು ಮನೆಯವರ ಬಾಯಲ್ಲಿ ಕೇಳುತ್ತೇನೆ. ಆದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ವಯಸ್ಸಾದಂತೆ ಸ್ನಾಯು ಕರಗುವುದು ನಿಜ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತ ಹೋಗುತ್ತದೆ, ಅರವತ್ತರ ನಂತರ ಆ ವೇಗ ಹೆಚ್ಚುತ್ತದೆ. ಆದರೆ ಚೀಲ ಹೊರುತ್ತಿದ್ದ ಮನುಷ್ಯ ಎರಡೇ ವರ್ಷದಲ್ಲಿ ನೆಲದಿಂದ ಏಳಲಾರದಷ್ಟು ಸೋಲುವುದನ್ನು ಬರೀ ವಯಸ್ಸಿನ ಲೆಕ್ಕಕ್ಕೆ ಹಾಕಲು ಬರುವುದಿಲ್ಲ. ಸರಾಸರಿ 67 ವಯಸ್ಸಿನ ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಆ ಹತ್ತು ದಿನಗಳಲ್ಲಿ ಅವರ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಸ್ನಾಯು ಹೋಗಿತ್ತು. ಕುರ್ಚಿ ಹಾಸಿಗೆಯಷ್ಟು ಕೆಡುಕು ಮಾಡುವುದಿಲ್ಲ ನಿಜ. ಆದರೆ ನಿಮ್ಮ ತಂದೆಯವರು ಕುಳಿತದ್ದು ಹತ್ತು ದಿನವಲ್ಲ, ಏಳುನೂರು ದಿನ.

ಕುಳಿತಾಗ ಒಳಗೆ ಏನಾಗುತ್ತದೆ ಎಂಬುದು ತಿಳಿದರೆ ಅವರ ಉಳಿದ ತೊಂದರೆಗಳೂ ಅದೇ ಎಳೆಗೆ ಸಿಕ್ಕುತ್ತವೆ. ಕಾಲಿನ ರಕ್ತ ಗುಂಡಿಗೆಗೆ ಮರಳಬೇಕಾದರೆ ಮೇಲ್ಮುಖವಾಗಿ ಹತ್ತಬೇಕು. ಅದನ್ನು ಒತ್ತಿ ಮೇಲಕ್ಕೆ ಕಳಿಸುವ ಪಂಪು ಮೀನಖಂಡದ ಸ್ನಾಯು. ನಡೆದಾಗ, ಹಿಮ್ಮಡಿ ಎತ್ತಿದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಕಾಲು ಇಳಿಬಿಟ್ಟು ಹದಿನಾರು ತಾಸು ಕುಳಿತವರ ಪಾದ ಸಂಜೆಗೆ ಬಾಯದೆ ಇನ್ನೇನಾಗಬೇಕು? ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಗಿರಾಕಿಯೂ ಸ್ನಾಯುವೇ. ತೊಡೆಯ ಸ್ನಾಯು ಕುಗ್ಗಿತು, ಇದ್ದದ್ದೂ ಅಲುಗಾಡದೆ ಉಳಿಯಿತು ಎಂದರೆ ಆ ಸಕ್ಕರೆ ರಕ್ತದಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ. ಮೈಭಾರ ಹೊರದ ಎಲುಬು ಸಡಿಲವಾಗುತ್ತದೆ. ದಿನಕ್ಕೆ ಒಂಬತ್ತೇ ಸಲ ಏಳುವ ದೇಹಕ್ಕೆ, ಎದ್ದ ಕೂಡಲೇ ರಕ್ತನಾಳಗಳನ್ನು ಬಿಗಿದು ತಲೆಗೆ ರಕ್ತ ಮುಟ್ಟಿಸುವ ರೂಢಿ ತಪ್ಪುತ್ತದೆ. ಬಲವಿಲ್ಲದ ಕಾಲು, ಕಣ್ಣಿಗೆ ಕತ್ತಲೆ, ಸಡಿಲ ಎಲುಬು: ಈ ಮೂರೂ ಒಂದೇ ಹೊತ್ತಿಗೆ ಬಚ್ಚಲಿನ ಒದ್ದೆ ಕಲ್ಲಿನ ಮೇಲೆ ಕೂಡಿದವೆಂದರೆ ತೊಡೆಯ ಕೀಲು ಮುರಿಯುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇರುವುದು ಅದರದೇ.

ಮೊದಲು ಬಲವನ್ನು ಅಳೆಯಿರಿ. ತೋಳಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಟ್ಟು, ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಸಿ, ಐದು ಸಲ ಪೂರ್ತಿ ಎದ್ದು ಕುಳಿತುಕೊಳ್ಳಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಬೇಕು. ಏಷ್ಯಾದ ಜನರಿಗಾಗಿ ತಜ್ಞರು 2019ರಲ್ಲಿ ಒಪ್ಪಿಕೊಂಡ ಅಳತೆಯ ಪ್ರಕಾರ ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಸ್ನಾಯುನಷ್ಟದ ಅನುಮಾನ ಪಡಬೇಕು. ದರ್ಜಿಯ ಟೇಪಿನಿಂದ ಮೀನಖಂಡದ ದಪ್ಪ ಭಾಗವನ್ನೂ ಅಳೆಯಿರಿ. ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದೂ ಒಂದು ಸುಳಿವು. ಆದರೆ ಪಾದ ಬಾತಿರುವಾಗ ಟೇಪು ಸುಳ್ಳು ಹೇಳಬಹುದು, ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ ಅಳೆಯಿರಿ.

ದವಾಖಾನೆಯಲ್ಲಿ ಹೇಳಿದ ವಾಕಿಂಗ್ ತಪ್ಪಲ್ಲ, ಆದರೆ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮವನ್ನು ಹೇಳುತ್ತದೆ. ಜೊತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಬಲದ ವ್ಯಾಯಾಮ ಇರಬೇಕೆನ್ನುತ್ತದೆ. ಜನ ಈ ಎರಡನೆಯ ಭಾಗವನ್ನು ಬಿಟ್ಟುಬಿಡುತ್ತಾರೆ. ಕುರ್ಚಿಯಿಂದ ಏಳುವ ಬಲ ತೊಡೆಯದು, ಪೃಷ್ಠದ್ದು. ಸಪಾಟು ರಸ್ತೆಯ ಮೇಲಿನ ನಿಧಾನ ನಡಿಗೆ ಅವುಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಆದ್ದರಿಂದ ಏಳುವುದನ್ನೇ ವ್ಯಾಯಾಮ ಮಾಡಿಸಿ. ಮೊದಲ ವಾರ ಕುರ್ಚಿಯ ಮೇಲೆ ಒಂದು ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿ. ಕುರ್ಚಿಯ ಅಂಚಿಗೆ ಸರಿದು, ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತ ಏಳಬೇಕು. ಉಸಿರು ಬಿಗಿಹಿಡಿದರೆ ಬಿ.ಪಿ. ಏರುತ್ತದೆ. ಕೂರುವಾಗ ಧೊಪ್ಪನೆ ಬೀಳದೆ, ಮನಸ್ಸಿನಲ್ಲಿ ನಾಲ್ಕು ಎಣಿಸುತ್ತ ಇಳಿಯಬೇಕು. ಆ ಇಳಿಯುವಿಕೆಯಲ್ಲಿಯೂ ಬಲ ಬೆಳೆಯುತ್ತದೆ. ಬೆಳಿಗ್ಗೆ ಎಂಟು, ಸಂಜೆ ಎಂಟು ಸಲ ಸಾಕು. ಸುಲಭವೆನಿಸಿದಾಗ ದಿಂಬು ತೆಗೆಯಿರಿ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಮೀನಖಂಡಕ್ಕೆ ಒಳ್ಳೆಯದು.

ಮರಳಿ ಬರುತ್ತದೆಯೇ ಎಂದು ಕೇಳಿದ್ದೀರಿ. ಬರುತ್ತದೆ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ದುರ್ಬಲ ವೃದ್ಧರಿಗೆ ಎಂಟು ವಾರ ತೊಡೆಯ ಬಲದ ವ್ಯಾಯಾಮ ಕೊಟ್ಟಾಗ, ಅದನ್ನು ಮುಗಿಸಿದವರ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ನಿಮ್ಮ ತಂದೆಯವರು ಅವರಿಗಿಂತ ಹದಿನೇಳು ವರ್ಷ ಚಿಕ್ಕವರು.

ಊಟದ ಬಗ್ಗೆ ಒಂದೇ ಮಾತು. ಕುಳಿತವರಿಗೆ ಹಸಿವು ಕಡಿಮೆ, ಎರಡು ರೊಟ್ಟಿ ತಿಂದು ಎದ್ದುಬಿಡುತ್ತಾರೆ. ಹಿರಿಯರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕು. ಮಡಿಕೆಕಾಳು, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ನಮ್ಮ ತಾಟಿನಲ್ಲಿ ಇದ್ದೇ ಇವೆ. ಪ್ರಮಾಣ ಹೆಚ್ಚಿಸಬೇಕು ಅಷ್ಟೇ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ.

ಹಳೇ ಟಿಕೆಟ್ ಚೀಲ (ಜಮಖಂಡಿ):

ಅಣ್ಣಾವರೇ, ನಾನು ಸರಕಾರಿ ಬಸ್ಸಿನಲ್ಲಿ 31 ವರ್ಷ ನಿರ್ವಾಹಕನಾಗಿದ್ದವನು, ನಿವೃತ್ತಿಯಾಗಿ ಏಳು ವರ್ಷವಾಯಿತು. ನಮ್ಮ ವೃತ್ತಿಯ ಮೇಲೆಯೇ ಈ ವಿಷಯದ ಮೊದಮೊದಲ ದೊಡ್ಡ ಅಧ್ಯಯನ ನಡೆದಿದೆ ಎಂಬುದು ನಿವೃತ್ತಿಯ ನಂತರ ಓದಿ ತಿಳಿಯಿತು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವೆಲ್ಲ ಕುಳಿತು ಓಡಿಸುವ ಚಾಲಕರಿಗೆ ಹೃದಯಾಘಾತ ಹೆಚ್ಚು, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ನಿರ್ವಾಹಕರಿಗೆ ಕಡಿಮೆ ಎಂದು ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ತೋರಿಸಿದರಂತೆ. ಓದಿದಾಗ ನನಗೆ ಹೆಮ್ಮೆಯಾಯಿತು. ಆಮೇಲೆ ಹೊಳೆಯಿತು, ನಾನು ಈಗ ನಿರ್ವಾಹಕನಲ್ಲ, ಮನೆಯಲ್ಲಿ ಸ್ಟಿಯರಿಂಗ್ ಇಲ್ಲದೆ ಕುಳಿತ ಚಾಲಕ.

ನಿವೃತ್ತಿಯ ಮೊದಲ ವರ್ಷದಲ್ಲಿ ನನಗೂ ನಿಮ್ಮ ತಂದೆಯವರ ಸ್ಥಿತಿಯೇ ಆಗಿತ್ತು. ಸಂಜೆ ಐದಕ್ಕೆ ನಾವು ಏಳೆಂಟು ಜನ ಹಳೆಯ ನೌಕರರು ಗುಡಿಯ ಕಟ್ಟೆಗೆ ಕೂಡುತ್ತಿದ್ದೆವು. ಮನೆಯಿಂದ ಹೊರಗೆ ಹೋಗುತ್ತೇವಲ್ಲ, ಒಳ್ಳೆಯದೇ ಎಂದು ಎಲ್ಲರ ಭಾವನೆ. ಆದರೆ ಎಂಟು ಗಂಟೆಯವರೆಗೆ ಅಲ್ಲಿಯೂ ಕುಳಿತೇ ಇರುತ್ತಿದ್ದೆವು. ನಮ್ಮಲ್ಲೊಬ್ಬ ಚಾಲಕ ಗೆಳೆಯನಿಗೆ ಎದೆನೋವು ಬಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ, ಅವನಿಗೆ ನಡೆಯಲು ಹೇಳಿದರು. ಅವನೊಬ್ಬನೇ ಹೇಗೆ ನಡೆಯಬೇಕು ಎಂದು ನಾವೂ ಜೊತೆಗೆ ಹೊರಟೆವು. ಮಾತು ಅದೇ, ಜನ ಅವರೇ, ಕಟ್ಟೆಯ ಬದಲು ರಸ್ತೆ. ಮೊದಲು ಬಸ್ ನಿಲ್ದಾಣದ ತನಕ ಹೋಗಿ ಬರುವಷ್ಟರಲ್ಲಿ ಇಬ್ಬರು ಕುಳಿತುಬಿಡುತ್ತಿದ್ದರು. ಈಗ ದಿನಾ ಮುಕ್ಕಾಲು ತಾಸು ನಡೆಯುತ್ತೇವೆ. ವೇಗದ ಲೆಕ್ಕ ನಮಗೆ ಸುಲಭವಾಗಿ ಹೇಳಿಕೊಟ್ಟಿದ್ದಾರೆ: ನಡೆಯುವಾಗ ಮಾತನಾಡಲು ಬರಬೇಕು, ಹಾಡಲು ಬರಬಾರದು.

ನಿಮ್ಮ ತಂದೆಯವರು ವಾಕಿಂಗ್ ಒಲ್ಲೆ ಎನ್ನುವುದು ನನಗೆ ಪೂರ್ತಿ ಅರ್ಥವಾಗುತ್ತದೆ. ಹಳ್ಳಿಯಲ್ಲಿ ಅವರು ನಡೆದದ್ದು ಹೊಲಕ್ಕೆ, ಸಂತೆಗೆ, ಮದುವೆಮನೆಗೆ. ನಡಿಗೆಗಾಗಿ ಎಂದೂ ನಡೆದವರಲ್ಲ. ನವನಗರದ ಸೆಕ್ಟರುಗಳಲ್ಲಿ ಅವರಿಗೆ ಹೋಗಬೇಕಾದ ಮನೆ ಯಾವುದಿದೆ? ಆದರೆ ಮುಳುಗಡೆಯ ಊರುಗಳಿಂದ ಬಂದ ಅವರ ವಯಸ್ಸಿನವರು ಅಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ನಿಮ್ಮ ಊರಿನವರೊಬ್ಬರನ್ನು ಹುಡುಕಿ ಗಂಟುಹಾಕಿ. ಹತ್ತು ಸಾವಿರ ಹೆಜ್ಜೆ ಎಂದು ಮೊಬೈಲಿನಲ್ಲಿ ಬರುವುದಕ್ಕೆ ಅಂಜಬೇಡಿ. ಅದು 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಹುಟ್ಟಿದ ಸಂಖ್ಯೆ.

ಟಿಳಕವಾಡಿ ಅಕ್ಕ (ಬೆಳಗಾವಿ):

ತಮ್ಮಾ, ನಾನು ನಿವೃತ್ತ ಶಿಕ್ಷಕಿ, ವಯಸ್ಸು 68. ನಿನ್ನ ಬರಹದಲ್ಲಿ “ಒಂದು ಕಡೆ ಕುಳಿತು ಉಣ್ಣಲಿ” ಎಂಬ ಮಾತನ್ನು ಓದಿದಾಗ ನನ್ನ ಸೊಸೆಯ ದನಿಯನ್ನೇ ಕೇಳಿದಂತಾಯಿತು. ಅವಳು ಬಹಳ ಒಳ್ಳೆಯವಳು. ನಾನು ಕಸಬರಿಗೆ ಹಿಡಿದರೆ ಕಸಿದುಕೊಳ್ಳುತ್ತಿದ್ದಳು, ನೀರಿನ ಕೊಡ ಮುಟ್ಟಿದರೆ ಓಡಿ ಬರುತ್ತಿದ್ದಳು. ಮಕ್ಕಳ ಈ ಪ್ರೀತಿಗೆ ಹಿರಿಯರು ಎದುರು ಹೇಳುವುದಿಲ್ಲ, ಹೇಳಿದರೆ ಅವರಿಗೆ ನೋವಾದೀತು ಎಂದು ಸುಮ್ಮನೆ ಕುಳಿತುಕೊಳ್ಳುತ್ತಾರೆ. ಸುಮ್ಮನೆ ಕುಳಿತು ಮೂರು ವರ್ಷವಾಗುವಷ್ಟರಲ್ಲಿ ನನ್ನ ಕೈಯಲ್ಲಿ ಕುಕ್ಕರಿನ ಮುಚ್ಚಳ ತಿರುಗಿಸುವ ಬಲ ಉಳಿದಿರಲಿಲ್ಲ. ಆದ್ದರಿಂದ ನಾನು ನಿನಗೆ ಹೇಳುವುದು ಇಷ್ಟು: ತಂದೆಯವರಿಂದ ಕಿತ್ತುಕೊಂಡ ಕೆಲಸವನ್ನು ಅವರಿಗೆ ಮರಳಿ ಕೊಡು. ವ್ಯಾಯಾಮವೆಂದು ಕೊಡಬೇಡ, ಕೆಲಸವೆಂದೇ ಕೊಡು. ಅವರು ಮಾಡದಿದ್ದರೆ ಮನೆಯಲ್ಲಿ ಅದು ಆಗದಂತೆ ನೋಡಿಕೋ. ಹಾಲು ಅವರೇ ತರಬೇಕು, ಇಲ್ಲದಿದ್ದರೆ ಆ ದಿನ ಕರಿಚಹಾ.

ಗುಮ್ಮಟದ ನೆರಳಿನವರು ಬರೆದದ್ದಕ್ಕೆ ಒಂದು ಮಾತು ಸೇರಿಸಬೇಕು. ಮೊಣಕಾಲು ನೋವಿದ್ದವರು ಇದನ್ನೆಲ್ಲ ಓದಿ “ನಮಗಲ್ಲ ಬಿಡು” ಎನ್ನುತ್ತಾರೆ. ನಾನೂ ಹಾಗೆಯೇ ಅಂದಿದ್ದೆ. ಕೀಲು ಸವೆದಿದೆ, ನಡೆದರೆ ಇನ್ನಷ್ಟು ಸವೆಯುತ್ತದೆ ಎಂದು ನೆರೆಯವರೆಲ್ಲ ಹೇಳಿದರು, ನಾನೂ ನಂಬಿದೆ. ಆದರೆ ತೊಡೆಯ ಸ್ನಾಯು ಗಟ್ಟಿಯಿದ್ದರೆ ಮೈಭಾರದ ಪೆಟ್ಟನ್ನು ಅದು ಹೀರಿಕೊಂಡು ಮೊಣಕಾಲನ್ನು ಕಾಯುತ್ತದೆ. ಕುಳಿತಷ್ಟೂ ಆ ಸ್ನಾಯು ಸೊರಗಿ, ನೋವು ಹೆಚ್ಚುತ್ತದೆ. ಇದನ್ನು ನನಗೆ ಬಿಡಿಸಿ ಹೇಳಿದವರು ಸಿಕ್ಕಿದ್ದು ತಡವಾಗಿ. ಶುರುಮಾಡಿದ ಮೊದಲ ಹದಿನೈದು ದಿನ ನೋವು ತುಸು ಹೆಚ್ಚೇ ಆಯಿತು, ಸುಳ್ಳು ಹೇಳುವುದಿಲ್ಲ. ಮರುದಿನಕ್ಕೂ ಉಳಿಯುವಂಥ ನೋವು ಬಂದರೆ ಅರ್ಧಕ್ಕೆ ಇಳಿಸು, ಪೂರ್ತಿ ನಿಲ್ಲಿಸಬೇಡ ಎಂದು ಅವರು ಹೇಳಿದ್ದೇ ನನಗೆ ದಾರಿಯಾಯಿತು.

ಬೆಳಗಾವಿಯಲ್ಲಿ ಬೇಸಿಗೆ, ಚಳಿಗಾಲದಲ್ಲಿ ವ್ಯಾಕ್ಸಿನ್ ಡಿಪೋದ ಮರಗಳ ಕೆಳಗೆ ನಡೆಯುತ್ತೇನೆ. ಜೂನಿನಿಂದ ಸೆಪ್ಟೆಂಬರಿನ ತನಕ ಇಲ್ಲಿಯ ಮಳೆಯಲ್ಲಿ ನಮ್ಮಂಥವರು ಹೊರಗೆ ಕಾಲಿಟ್ಟರೆ ಜಾರಿ ಬೀಳುವುದೇ ಸರಿ. ಆಗ ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಿಂದ ಹಿತ್ತಲಬಾಗಿಲಿನವರೆಗೆ ಹದಿನೈದು ನಿಮಿಷ ತಿರುಗುತ್ತೇನೆ. ನನಗೆ ಸಕ್ಕರೆ ಕಾಯಿಲೆ ಇದೆ. ಉಂಡು ಮಲಗಿದ ದಿನಕ್ಕೂ ಉಂಡು ತಿರುಗಿದ ದಿನಕ್ಕೂ ಗ್ಲುಕೋಮೀಟರಿನ ಅಂಕಿ ಬೇರೆಯಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಟಿ.ವಿ. ಬಿಡಿಸಲು ಹೋಗಬೇಡ, ಅದು ಜಗಳಕ್ಕೆ ದಾರಿ. ರಿಮೋಟನ್ನು ಟಿ.ವಿ.ಯ ಪಕ್ಕದಲ್ಲೇ ಇಡು, ಜಾಹೀರಾತು ಬಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವ ರೂಢಿ ಮಾಡಿಸು.

ಲಿಂಬೆ ತೋಟ (ಇಂಡಿ):

ನಾನು ನಿವೃತ್ತ ವೈದ್ಯ. ಮೇಲಿನ ಮೂವರ ಮಾತೂ ಸರಿಯಾಗಿದೆ. ಆದರೆ ಎಬ್ಬಿಸುವುದಕ್ಕೆ ಮೊದಲು ಅವರು ಏಕೆ ಏಳುತ್ತಿಲ್ಲ ಎಂಬುದನ್ನು ನೋಡಬೇಕು. ಕುಳಿತುಕೊಳ್ಳುವುದು ರೋಗಕ್ಕೆ ಕಾರಣವಾಗುವಂತೆ, ಬಚ್ಚಿಟ್ಟುಕೊಂಡ ರೋಗವೂ ಕುಳ್ಳಿರಿಸುತ್ತದೆ.

ಲಂಡನ್ ಬಸ್ಸಿನ ಅಧ್ಯಯನದಿಂದಲೇ ಒಂದು ಪಾಠ ಹೇಳುತ್ತೇನೆ. 1956ರಲ್ಲಿ ಅದೇ ಮಾರಿಸ್ ಅವರ ತಂಡ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದಾಗ, ಚಾಲಕರ ಸೊಂಟದ ಸುತ್ತಳತೆ ನಿರ್ವಾಹಕರದಕ್ಕಿಂತ ದೊಡ್ಡದಿತ್ತು, ಕೆಲಸದಲ್ಲಿ ಹೊಸದಾಗಿದ್ದ ತರುಣರಲ್ಲಿಯೂ. ಅಂದರೆ ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ. ನಂತರದ ಹಲವು ದಶಕಗಳ ಅಧ್ಯಯನಗಳು ಮೂಲ ಮಾತನ್ನು ಗಟ್ಟಿಮಾಡಿವೆ, ಅದರಲ್ಲಿ ಸಂಶಯ ಬೇಡ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯಲ್ಲಿ, ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಕೂರುವುದರಿಂದ ಏರುವ ಸಾವಿನ ಅಪಾಯ, ದಿನಕ್ಕೆ 60ರಿಂದ 75 ನಿಮಿಷ ಸಾಧಾರಣ ಶ್ರಮ ಮಾಡುವವರಲ್ಲಿ ಕಂಡುಬರಲಿಲ್ಲ. ನಿಮ್ಮ ತಂದೆಯವರಿಗೆ ಅಷ್ಟು ಶ್ರಮ ತಕ್ಷಣಕ್ಕೆ ಆಗದ ಮಾತು. ಹಾಗಾಗಿ ಅವರ ಮಟ್ಟಿಗೆ ಕೂರುವ ಹೊತ್ತನ್ನು ತುಂಡು ತುಂಡಾಗಿ ಮುರಿಯುವುದೇ ಮೊದಲ ಔಷಧ.

ನೀವು ಬರೆದದ್ದರಲ್ಲಿ ನಾಲ್ಕು ಸಂಗತಿ ನನ್ನ ಕಣ್ಣಿಗೆ ಬಿದ್ದವು. ಒಂದು, ಎದ್ದಾಗ ಕತ್ತಲೆ. ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿ, ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಗುಳಿಗೆಯ ಪ್ರಮಾಣವನ್ನೋ ಹೊತ್ತನ್ನೋ ವೈದ್ಯರು ಬದಲಿಸಬೇಕಾದೀತು, ನೀವಾಗಿಯೇ ನಿಲ್ಲಿಸಬಾರದು. ಎರಡು, ಎದ್ದ ಒಂಬತ್ತು ಸಲದಲ್ಲಿ ಆರು ಸಲ ಬಚ್ಚಲಿಗೆ. ಮೂತ್ರ ತಡೆಯಲಾಗದ ಅಳುಕಿನಿಂದ ಹೊರಗೆ ಹೋಗಲು ಹಿಂಜರಿಯುವ ಹಿರಿಯರು ಬಹಳ. ಮಗನ ಮುಂದೆ ಬಾಯಿಬಿಡುವುದಿಲ್ಲ. ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ತೋರಿಸಿ. ಮೂರು, ಪಾದದ ಬಾವು. ಎರಡೂ ಕಡೆ ಸಮನಾಗಿ ಸಂಜೆಗೆ ಬಂದು ಬೆಳಿಗ್ಗೆ ಇಳಿದರೆ ಕುಳಿತದ್ದರಿಂದಲೇ ಇರಬಹುದು, ಕೆಲವು ಬಿ.ಪಿ. ಗುಳಿಗೆಗಳಿಂದಲೂ ಬರುತ್ತದೆ. ಒಂದೇ ಕಾಲು ಬಾತು, ಬಿಸಿಯಾಗಿ, ಮೀನಖಂಡ ನೋಯತೊಡಗಿದರೆ ಅದೇ ದಿನ ದವಾಖಾನೆಗೆ ಒಯ್ಯಬೇಕು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಪುಪ್ಪುಸಕ್ಕೆ ಹೋದರೆ ಜೀವಕ್ಕೇ ಅಪಾಯ.

ನಾಲ್ಕನೆಯದು, ನಿಮ್ಮ ತಾಯಿಯವರು ತೀರಿಕೊಂಡದ್ದು. ಹೆಂಡತಿ, ಹೊಲ, ಊರು ಮೂರನ್ನೂ ಅವರು ಒಂದೇ ವರ್ಷದಲ್ಲಿ ಕಳೆದುಕೊಂಡಿದ್ದಾರೆ. ನಿದ್ರೆ ಹೇಗಿದೆ, ಊಟ ರುಚಿಸುತ್ತಿದೆಯೇ, ಟಿ.ವಿ. ನೋಡುತ್ತಾರೋ ಅಥವಾ ಅದರ ಮುಂದೆ ಕುಳಿತಿರುತ್ತಾರೋ ಎಂಬುದನ್ನು ಗಮನಿಸಿ. ಖಿನ್ನತೆಯಿದ್ದರೆ ಅದಕ್ಕೆ ಚಿಕಿತ್ಸೆಯಿದೆ.

ಕಣ್ಣಿನ ಪೊರೆ, ರಕ್ತಹೀನತೆ, ಥೈರಾಯ್ಡ್, ಬಿ12, ಡಿ ವಿಟಮಿನ್ನುಗಳನ್ನೂ ಒಮ್ಮೆ ನೋಡಿಸಿಬಿಡಿ. ನಡೆಯುವಾಗ ಎದೆ ಬಿಗಿದರೆ, ಹಿಂದೆಂದೂ ಇಲ್ಲದ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ತೋರಿಸಬೇಕು. ಸಕ್ಕರೆಗೆ ಗುಳಿಗೆ ಶುರುವಾದರೆ, ಖಾಲಿ ಹೊಟ್ಟೆಯಲ್ಲಿ ನಡೆಸಬೇಡಿ.

ಘಟಪ್ರಭಾ ದಂಡೆ (ಐದು ವಾರಗಳ ನಂತರ):

ಉತ್ತರಿಸಿದ ಎಲ್ಲ ಹಿರಿಯರಿಗೂ ಶರಣು. ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಬಿ.ಪಿ. ನಿಂತಾಗ 24 ಇಳಿಯುತ್ತಿತ್ತು. ವೈದ್ಯರು ಗುಳಿಗೆ ಬದಲಿಸಿದರು, ಕತ್ತಲೆ ಬರುವುದು ಬಹಳ ಕಡಿಮೆಯಾಗಿದೆ. ಪ್ರಾಸ್ಟೇಟಿನ ವಿಷಯ ನಿಜವಾಗಿತ್ತು. “ದಾರಿಯಲ್ಲಿ ಅವಸರವಾದರೆ ಎಲ್ಲಿಗೆ ಹೋಗಲಿ” ಎಂದು ಅವರು ಎರಡು ವರ್ಷ ನಮಗೆ ಹೇಳಿರಲಿಲ್ಲ. ಬಲಗಣ್ಣಿನಲ್ಲಿ ಪೊರೆಯಿದೆ, ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ.

ಕೆಲಸ ಮರಳಿ ಕೊಡುವುದು ಸುಲಭವಾಗಲಿಲ್ಲ. ಅಪ್ಪನನ್ನು ಹಾಲಿಗೆ ಕಳಿಸುತ್ತೇವೆ ಎಂದು ತಿಳಿದು ತಂಗಿ ಫೋನಿನಲ್ಲಿ ಅತ್ತಳು. ಅವಳಿಗೆ ಈ ಎಲ್ಲ ಉತ್ತರಗಳನ್ನು ಓದಿ ಹೇಳಿದೆ. ಮೂರನೆಯ ದಿನ ಅವರು ಹೋಗಲೇ ಇಲ್ಲ, ಮನೆಯವರೆಲ್ಲ ಕರಿಚಹಾ ಕುಡಿದೆವು. ಅಂದಿನಿಂದ ತಪ್ಪಿಸಿಲ್ಲ. ನಮ್ಮ ಮನೆಯ ಪಕ್ಕದ ಖಾಲಿ ಜಾಗದವರು ಒಪ್ಪಿದ್ದರಿಂದ ಅಲ್ಲಿ ಎರಡು ಮಡಿ ಮೆಂತ್ಯೆ, ಒಂದು ಮಡಿ ಪುಂಡಿ ಹಾಕಿದ್ದಾರೆ. ಸೊಸೆ ಕೊಡದಲ್ಲಿ ನೀರು ಒಯ್ದುಕೊಟ್ಟರೆ ಈಗ ಅವರೇ ಬೇಡವೆನ್ನುತ್ತಾರೆ. ಸಣ್ಣ ತಂಬಿಗೆಯಲ್ಲಿ ಹತ್ತು ಸಲ ತಿರುಗಿ ಹಾಕುತ್ತಾರೆ. ಮುಳುಗಡೆಗೆ ಮುಂಚೆ ನಮ್ಮ ಪಕ್ಕದ ಹೊಲದವರಾಗಿದ್ದ ಒಬ್ಬರು ಮೂರು ಸೆಕ್ಟರ್ ಆಚೆ ಇರುವುದು ತಿಳಿಯಿತು. ವಾರಕ್ಕೆ ಎರಡು ಸಲ ಅಲ್ಲಿಗೆ ನಡೆದು ಹೋಗುತ್ತಾರೆ, ಬರುವಾಗ ಮಾತ್ರ ಆಟೋ.

ಕುರ್ಚಿಯ ಪರೀಕ್ಷೆಯಲ್ಲಿ ಮೊದಲ ದಿನ ಕೈ ಊರದೆ ಒಂದು ಸಲವೂ ಏಳಲಾಗಿರಲಿಲ್ಲ. ನಿನ್ನೆ ನಾಲ್ಕು ಸಲ ಎದ್ದರು, ಐದನೆಯದಕ್ಕೆ ಕೈ ಊರಿದರು. ಟಿ.ವಿ. ಇನ್ನೂ ಐದಾರು ತಾಸು ನಡೆಯುತ್ತದೆ.

ಎರಡು ಪ್ರಶ್ನೆ ಉಳಿದಿವೆ. ಇನ್ನು ಬಾಗಲಕೋಟೆಯ ಬಿಸಿಲು ಶುರುವಾಗುತ್ತದೆ, ಆಗ ಏನು ಮಾಡಬೇಕು? ಮತ್ತು, ಅಪ್ಪ ತಾವಾಗಿಯೇ ಕೇಳಿದ್ದು: ನೆಲದ ಮೇಲೆ ಕುಳಿತು ತಾನೇ ಏಳುವುದು ಯಾವಾಗ?

ಗುಮ್ಮಟದ ನೆರಳು (ವಿಜಯಪುರ):

ಎರಡನೆಯ ಪ್ರಶ್ನೆಯನ್ನು ಅವರೇ ಕೇಳಿದರಲ್ಲ, ಬಹಳ ಸಂತೋಷವಾಯಿತು.

ಬಿಸಿಲಿಗೆ ಹೆಚ್ಚು ವಿಚಾರ ಬೇಡ. ಹಾಲು, ಮಡಿಗಳ ಕೆಲಸ ಬೆಳಿಗ್ಗೆ ಏಳರೊಳಗೆ ಮುಗಿಯಲಿ, ಉಳಿದ ನಡಿಗೆ ಮನೆಯೊಳಗೆ. ಮೂತ್ರದ ಅಂಜಿಕೆಯಿಂದ ನೀರು ಕುಡಿಯುವುದನ್ನು ಕಡಿಮೆ ಮಾಡದಂತೆ ನೋಡಿಕೊಳ್ಳಿ. ನೀರು ಕಡಿಮೆಯಾದರೆ ಬಿ.ಪಿ. ಮತ್ತೆ ಇಳಿಯುತ್ತದೆ.

ಕೈ ಊರದೆ ಐದು ಸಲ ಎದ್ದ ದಿನ, ನೆಲದ ಅಭ್ಯಾಸ ಶುರುಮಾಡಿ. ಅಲುಗಾಡದ ಮಂಚದ ಪಕ್ಕದಲ್ಲಿ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ. ನೆಲದಿಂದ ನೇರವಾಗಿ ಮೇಲಕ್ಕೆ ಏಳಲು ಬಿಡಬೇಡಿ, ಬನಶಂಕರಿಯಲ್ಲಿ ಆದ ತಪ್ಪು ಅದೇ. ಮೊದಲು ಒಂದು ಮಗ್ಗುಲಿಗೆ ಹೊರಳಿ, ಕೈ ಮತ್ತು ಮೊಣಕಾಲುಗಳ ಮೇಲೆ ಬರಬೇಕು. ಅಂಬೆಗಾಲಿನಲ್ಲಿ ಮಂಚದ ಹತ್ತಿರ ಸರಿದು ಎರಡೂ ಅಂಗೈಗಳನ್ನು ಅದರ ಮೇಲೆ ಊರಬೇಕು. ಬಲವಿರುವ ಕಾಲಿನ ಪಾದವನ್ನು ಮುಂದೆ ತಂದು ಪೂರ್ತಿಯಾಗಿ ನೆಲಕ್ಕೆ ಇಟ್ಟು, ಕೈ ಮತ್ತು ಆ ಕಾಲನ್ನು ಒಟ್ಟಿಗೆ ಒತ್ತಿ ಎದ್ದು, ತಿರುಗಿ ಮಂಚದ ಮೇಲೆ ಕುಳಿತುಕೊಳ್ಳಬೇಕು. ಅಲ್ಲಿ ಒಂದು ನಿಮಿಷ ಕುಳಿತು ಆಮೇಲೆ ನಿಲ್ಲಲಿ. ಮೊದಲ ವಾರ ದಿನಕ್ಕೆ ಎರಡು ಸಲ ಸಾಕು. ಮುಂದೆಂದಾದರೂ ಯಾರೂ ಇಲ್ಲದಾಗ ಬಿದ್ದರೆ ತಾವಾಗಿ ಏಳುವುದಕ್ಕೂ ಇದೇ ದಾರಿ.

ನೀವು ಅವರ ಮಗ್ಗುಲಲ್ಲಿ ಮೊಣಕಾಲೂರಿ ಕುಳಿತಿರಿ. ಕೈ ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಭುಜದ ಕೀಲಿಗೆ ಪೆಟ್ಟಾಗುತ್ತದೆ. ಸೊಂಟಕ್ಕೆ ಒಂದು ಶಾಲನ್ನು ಬಿಗಿಯಾಗಿ ಸುತ್ತಿ ಕಟ್ಟಿ, ಹಿಂದಿನಿಂದ ಅದನ್ನು ಹಿಡಿದುಕೊಂಡಿದ್ದರೆ ಸಾಕು.